ಬೀದರಿನ ಟೇಲರ್ ಕಣ್ಣಲ್ಲಿ ಒಂದು 5 ಮಿಲಿಮೀಟರ್ ವೆಟ್‌ಸೂಟ್

ವೆಟ್‌ಸೂಟ್ ಕೈಗೆ ಬಂದ ಕೂಡಲೇ ನಾನು ಅದನ್ನು ಉಲ್ಟಾ ಮಾಡಿ ಹೊಲಿಗೆ ನೋಡಿದೆ. ತಣ್ಣೀರಲ್ಲಿ ಈಜುವಾಗ ಮೈ ಬೆಚ್ಚಗಿಡಲು ಹಾಕಿಕೊಳ್ಳುವ ರಬ್ಬರಿನ ಉಡುಪು ಅದು. ಅಂಗಡಿಯ ಹುಡುಗ ಬಣ್ಣ ತೋರಿಸುತ್ತಿದ್ದ, ಎದೆ ಮೇಲೆ ಅಚ್ಚು ಹಾಕಿದ ಹೆಸರು ತೋರಿಸುತ್ತಿದ್ದ. ಸೂಜಿ ಎಲ್ಲಿ ಹೊಕ್ಕಿದೆ, ಎಲ್ಲಿ ಹೊರಗೆ ಬಂದಿದೆ ಅನ್ನುವುದಷ್ಟೇ ನನಗೆ ಬೇಕಿತ್ತು. ಬೀದರಿನಲ್ಲಿ ಚೌಬಾರಾದ ಹತ್ತಿರ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ. ಪ್ಯಾಂಟು, ಶರ್ಟು, ಮದುವೆ ಸೀಸನ್ ಬಂದರೆ ಶೇರ್ವಾನಿ. ಮಗಳು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ನರ್ಸ್. ಫಾಲ್ಮತ್ ಅನ್ನುವ ಊರಲ್ಲಿ ಅವಳ ಮನೆ, ಮನೆಯಿಂದ ಇಳಿದರೆ ಸಮುದ್ರ. ಅವಳಿಗೂ ಅಳಿಯನಿಗೂ ಸ್ನಾರ್ಕೆಲಿಂಗ್ ಹುಚ್ಚು, ಅಂದರೆ ಬಾಯಿಗೆ ಉಸಿರಿನ ಕೊಳವೆ, ಕಣ್ಣಿಗೆ ಮಾಸ್ಕು ಹಾಕಿಕೊಂಡು ಮುಖ ನೀರಲ್ಲಿ ಅದ್ದಿ ತೇಲುತ್ತಾ ಸಮುದ್ರದ ಒಳಗನ್ನು ನೋಡುವುದು. ಈ ಬೇಸಿಗೆಯಲ್ಲಿ ಹೋದಾಗ ನನ್ನನ್ನೂ ಇಳಿಸಿದರು. ಅದಕ್ಕೆ ತೆಗೆದುಕೊಂಡ ಸಾಮಾನುಗಳ ಬಗ್ಗೆ ಈ ಬರಹ. ಕಂಪನಿಗಳ ಹೆಸರು ಹಾಕುವುದಿಲ್ಲ. ಯಾವ ಕಂಪನಿಯದಾದರೂ ನೋಡಬೇಕಾದ ಜಾಗಗಳು ಇವೇ.

ಮೊದಲು ನೀರಿನ ವಿಷಯ. ಗೋವಾ, ಮುರುಡೇಶ್ವರದ ಕಡೆ ಸಮುದ್ರಕ್ಕೆ ಇಳಿದವರು ಅದೇ ಲೆಕ್ಕ ಹಿಡಿಯಬೇಡಿ. ಫಾಲ್ಮತ್‌ನಲ್ಲಿ ಜೂನ್ ತಿಂಗಳಲ್ಲೂ ಸಮುದ್ರ 14 ಡಿಗ್ರಿ ಆಸುಪಾಸು. ಆಗಸ್ಟ್, ಸೆಪ್ಟೆಂಬರಿನಲ್ಲಿ ಏರಿದರೂ 16-17. ಚಳಿಗಾಲದ ಕೊನೆಗೆ 9-10ಕ್ಕೆ ಇಳಿಯುತ್ತದೆ. ಬೀದರಿನಲ್ಲಿ ಡಿಸೆಂಬರಿನ ಬೆಳಗ್ಗೆ ಅಷ್ಟು ಚಳಿ ನಾವೂ ನೋಡಿದ್ದೇವೆ, ಅಲ್ವಾ? ಆದರೆ ಅದು ಗಾಳಿಯ ಚಳಿ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. 14 ಡಿಗ್ರಿ ಗಾಳಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಚಹಾ ಕುಡಿಯುತ್ತ ಕೂಡಬಹುದು. 14 ಡಿಗ್ರಿ ನೀರಲ್ಲಿ ಬರಿ ಚಡ್ಡಿಯಲ್ಲಿ ಇಳಿದರೆ ಸ್ವಲ್ಪ ಹೊತ್ತಿನಲ್ಲೇ ಕೈಬೆರಳು ಮಾತು ಕೇಳುವುದಿಲ್ಲ.

ಈಗ ಸೂಟು. 5/4 ಅಂತ ಬರೆದಿರುತ್ತದೆ. ಎದೆ, ಬೆನ್ನು, ಹೊಟ್ಟೆಗೆ 5 ಮಿಲಿಮೀಟರ್ ದಪ್ಪ, ಕೈಕಾಲಿಗೆ 4. ಬಟ್ಟೆ ಅಂದರೆ ನಿಯೋಪ್ರೀನ್. ಒಂಥರಾ ರಬ್ಬರ್, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ, ಎರಡೂ ಕಡೆ ನೈಲಾನ್ ಅಂಟಿಸಿರುತ್ತಾರೆ. ಬೆಚ್ಚಗಿಡುವುದು ಆ ಗುಳ್ಳೆಗಳು. ಸೂಟಿನ ಒಳಗೆ ನೀರು ಹೋಗೇ ಹೋಗುತ್ತದೆ, ಹೆಸರೇ ವೆಟ್‌ಸೂಟ್. ಹೋದ ನೀರು ಹಾಲಿನ ಕೆನೆಯಷ್ಟು ತೆಳ್ಳಗೆ ಮೈಗೆ ಅಂಟಿಕೊಂಡು ನಿಲ್ಲಬೇಕು. ನಿಂತರೆ ಮೈಯ ಶಾಖಕ್ಕೆ ಅದೂ ಬೆಚ್ಚಗಾಗುತ್ತದೆ. ಹಳೆ ನೀರು ಹೋಗಿ ಹೊಸ ನೀರು ಬರುತ್ತಾ ಇದ್ದರೆ ಎಷ್ಟು ದಪ್ಪದ ಸೂಟಾದರೂ ದುಡ್ಡು ದಂಡ. ಹಾಗಾಗಿ ಇದು ಪೂರಾ ಫಿಟಿಂಗ್ ಮತ್ತು ಹೊಲಿಗೆಯ ಪ್ರಶ್ನೆ. ಇದನ್ನು ಮೊದಲು ಯೋಚಿಸಿದವನು ಹ್ಯೂ ಬ್ರ್ಯಾಡ್ನರ್ ಅನ್ನುವ ಅಮೆರಿಕದ ಭೌತವಿಜ್ಞಾನಿಯಂತೆ, 1950ರ ದಶಕದ ಆರಂಭದಲ್ಲಿ. ನಮ್ಮ ಕಸುಬಿನವರಿಗೆ ಹೊಳೆಯಬೇಕಿತ್ತು, ಇರಲಿ.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು 3/2ರ ಅಗ್ಗದ ಸೂಟು. ಹೊಲಿಗೆ ಫ್ಲ್ಯಾಟ್‌ಲಾಕ್. ಟೀ ಶರ್ಟು, ಟ್ರ್ಯಾಕ್ ಪ್ಯಾಂಟುಗಳಲ್ಲಿ ನೋಡಿರುತ್ತೀರಿ, ಎರಡೂ ಕಡೆ ಚಪ್ಪಟೆಯಾಗಿ ಏಣಿ ಏಣಿ ಕಾಣುತ್ತದೆ. ಮೈಗೆ ಚುಚ್ಚುವುದಿಲ್ಲ, ಗಟ್ಟಿ ಹೊಲಿಗೆ. ಆದರೆ ಸೂಜಿ ರಬ್ಬರಿನ ಈ ಕಡೆಯಿಂದ ಆ ಕಡೆಗೆ ತೂರಿ ಬಂದಿರುತ್ತದೆ. ಪ್ರತಿ ಟಾಕಿಗೂ ಒಂದು ತೂತು. ಬೇಸಿಗೆ ನೀರಿಗೆ ನಡೆಯುತ್ತದೆ, ಈ ನೀರಿಗಲ್ಲ. ನಾನು ತೆಗೆದುಕೊಂಡದ್ದರಲ್ಲಿ ಮೊದಲು ಎರಡು ತುಂಡಿನ ಅಂಚು ಅಂಚಿಗೆ ಕೂಡಿಸಿ ಅಂಟು ಹಾಕಿದ್ದಾರೆ. ಅದರ ಮೇಲೆ ಬ್ಲೈಂಡ್ ಸ್ಟಿಚ್. ಸೂಜಿ ಅರ್ಧ ದಪ್ಪದ ತನಕ ಹೋಗಿ ಅಲ್ಲಿಂದಲೇ ತಿರುಗಿ ಬರುತ್ತದೆ, ಆಚೆ ಕಡೆ ಮುಟ್ಟುವುದೇ ಇಲ್ಲ. ಪ್ಯಾಂಟಿನ ಕಾಲಂಚಿಗೆ ನಾವು ಕೈಯಲ್ಲಿ ತುರಪಾಯಿ ಹಾಕುವಾಗ ಹೊರಗೆ ಟಾಕಿ ಕಾಣದ ಹಾಗೆ ಬಟ್ಟೆಯ ಒಂದೇ ಎಳೆ ಹಿಡಿಯುತ್ತೇವಲ್ಲ, ಅದೇ ಉಪಾಯ. ಒಳಮಗ್ಗುಲಲ್ಲಿ ಮೊಣಕಾಲು, ಕಂಕುಳು, ತೊಡೆಸಂದು, ಹೀಗೆ ಜಗ್ಗುವ ಜಾಗಕ್ಕೆಲ್ಲ ಟೇಪು ಅಂಟಿಸಿದ್ದಾರೆ. ನಾಲ್ಕು ಹೊಲಿಗೆ ಕೂಡುವ ಕಡೆ ಒಂದೊಂದು ಗುಂಡು ತೇಪೆ.

ಹೊಲಿಗೆ ನೋಡುವುದಕ್ಕೆ ನೀವು ಟೇಲರ್ ಆಗಬೇಕಿಲ್ಲ. ಸೂಟನ್ನು ಉಲ್ಟಾ ಮಾಡಿ, ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಬೆಳಕಿಗೆ ಹಿಡಿಯಿರಿ. ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅಲ್ಲಿಂದ ನೀರೂ ಬರುತ್ತದೆ.

ಕಟಿಂಗ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಭುಜದ ಮೇಲೆ ಹೊಲಿಗೆಯೇ ಇಲ್ಲ. ಕುತ್ತಿಗೆಯಿಂದ ಕಂಕುಳಿನ ತನಕ ಓರೆಯಾಗಿ ಇಳಿಸಿದ್ದಾರೆ. ಈಜುವಾಗ ಕೈ ಎತ್ತಿದರೆ ಎಳೆಯುವುದಿಲ್ಲ. ಕಂಕುಳಲ್ಲಿ ಬೇರೆ ತುಂಡು ಕೂಡಿಸಿದ್ದಾರೆ, ಪಾಯಜಾಮಕ್ಕೆ ಮಿಯಾನಿ ಇಟ್ಟಂತೆ ತೊಡೆಸಂದಿನಲ್ಲೂ ಒಂದು. ಯಾರು ಕತ್ತರಿಸಿದರೋ, ಕೈ ಪಳಗಿದೆ. ತಕರಾರು ಇರುವುದು ಅಳತೆಯಲ್ಲಿ. ಈ ಸೂಟುಗಳ ಅಳತೆ ಅಲ್ಲಿಯ ಎತ್ತರದ ಜನಕ್ಕೆ ಮಾಡಿದ್ದು. ನಮ್ಮ ಕಡೆ ಹೊಟ್ಟೆ ಎಲ್ ಸೈಜು, ಕಾಲು ಎಂ ಸೈಜು. ಎಲ್ ಹಾಕಿದರೆ ಮೊಣಕಾಲಿನ ಪಟ್ಟಿ ಮೀನಖಂಡಕ್ಕೆ ಬರುತ್ತದೆ. ಎಲ್‌ಎಸ್ ಅಂತ ಗಿಡ್ಡ ಅಳತೆ ಬೇರೆ ಇರುತ್ತದೆ, ಕೇಳಿದರೆ ಒಳಗಿನಿಂದ ತಂದು ಕೊಡುತ್ತಾರೆ. ಕೇಳದಿದ್ದರೆ ಕೊಡುವುದಿಲ್ಲ.

ಫಿಟಿಂಗ್ ಹೇಗಿರಬೇಕು? ಶರ್ಟು ಹೊಲಿಯುವಾಗ ಎದೆ ಅಳತೆಗೆ ನಾಲ್ಕು ಇಂಚು ಲೂಸ್ ಬಿಡುತ್ತೇವೆ. ಇಲ್ಲಿ ಲೆಕ್ಕ ತಿರುಗಾಮುರುಗಾ. ಇಂಚು ಟೇಪು ಜೇಬಲ್ಲೇ ಇತ್ತು, ಮೇಜಿನ ಮೇಲೆ ಸೂಟನ್ನು ಹಾಸಿ ಅಳೆದೆ. ಎದೆ ನನ್ನ ಮೈ ಅಳತೆಗಿಂತ ಕಡಿಮೆ! ಹುಡುಗ ನಕ್ಕ. ನಿಯೋಪ್ರೀನ್ ಹಿಗ್ಗಿ ಕೂಡುತ್ತದೆ, ಹಿಗ್ಗಿ ಕೂಡಬೇಕು. ಅಂಗಡಿಯಲ್ಲಿ ಹಾಕಿಕೊಂಡಾಗ ಎದೆ ಬಿಗಿದಂತಾಗಿ, ಕೈ ಎತ್ತಲು ಸ್ವಲ್ಪ ಹೆಣಗಾಡಿ, ಆದರೂ ಪೂರ್ತಿ ಉಸಿರು ಎಳೆದುಕೊಳ್ಳಲು ಬಂದರೆ ಅದು ನಿಮ್ಮ ಸೈಜು. ಆರಾಮ ಅನಿಸಿದರೆ ದೊಡ್ಡದಾಯಿತು ಅಂತಲೇ ತಿಳಿಯಿರಿ. ಮೂರು ಕಡೆ ಕೈಯಾಡಿಸಿ ನೋಡಿ: ಸೊಂಟದ ಹಿಂದಿನ ಗುಂಡಿ, ಕಂಕುಳು, ತೊಡೆಸಂದು. ಅಲ್ಲಿ ಬಟ್ಟೆ ಮೈ ಬಿಟ್ಟು ನಿಂತಿದ್ದರೆ ಸಮುದ್ರದಲ್ಲಿ ಅಲ್ಲೇ ತಣ್ಣೀರು ತುಂಬಿಕೊಳ್ಳುತ್ತದೆ. ಕಾಲು ಒದ್ದಾಗಲೆಲ್ಲ ಅದು ಹೊರಗೆ ಹೋಗಿ ಹೊಸ ನೀರು ಬರುತ್ತದೆ.

ಹಾಕಿಕೊಳ್ಳುವುದು ಒಂದು ದೊಡ್ಡ ಕುಸ್ತಿ. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೂರಿಸಿದರೆ ಸರಕ್ಕನೆ ಜಾರುತ್ತದೆ, ಇದು ಅಳಿಯ ಕಲಿಸಿದ್ದು. ಉಗುರಿನಿಂದ ಹಿಡಿದು ಎಳೆಯಬಾರದು, ರಬ್ಬರಿನಲ್ಲಿ ಅರ್ಧಚಂದ್ರದ ಗಾಯ ಬೀಳುತ್ತದೆ. ಬೆರಳಿನ ಮೆತ್ತನೆ ಭಾಗದಿಂದ ಸ್ವಲ್ಪ ಸ್ವಲ್ಪವಾಗಿ ಮೇಲೆ ತರಬೇಕು, ಮೊದಲು ತೊಡೆಸಂದು ಸರಿಯಾಗಿ ಕೂಡಬೇಕು. ಬಟ್ಟೆ ಬದಲಾಯಿಸುವುದೆಲ್ಲ ಬಯಲಲ್ಲೇ, ಕಾರು ನಿಲ್ಲಿಸುವ ಜಾಗದಲ್ಲಿ. ಅದಕ್ಕೆ ಅಂತಲೇ ನಿಲುವಂಗಿಯ ಹಾಗಿರುವ ದುಬಾರಿ ಕೋಟು ಮಾರುತ್ತಾರೆ, ಅದರ ಒಳಗೆ ನಿಂತು ಬದಲಾಯಿಸುತ್ತಾರೆ. ನನ್ನ ಹತ್ತಿರ ಲುಂಗಿ ಇತ್ತು. ಹಲ್ಲಲ್ಲಿ ಕಚ್ಚಿ ಹಿಡಿದು ಕೆಲಸ ಮುಗಿಸಿದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಇದನ್ನು ಎಲ್ಲಿ ಕೊಂಡಿರಿ ಅಂತ ಕೇಳಿದರು.

ಮಾಸ್ಕು ಮತ್ತು ಕೊಳವೆಯನ್ನು ನಾನು ಹೈದರಾಬಾದಿನಲ್ಲೇ ಕೊಂಡಿದ್ದೆ. ಇಡೀ ಮುಖ ಮುಚ್ಚುವ ಮಾಸ್ಕು ತೊಗೊಳ್ಳಿ, ಮೂಗಿಂದಲೇ ಉಸಿರಾಡಬಹುದು ಅಂತ ಅಂಗಡಿಯವರು ಹಿಂದೆ ಬಿದ್ದರು. ಬೇಡ ಅಂದೆ. ಒಳಗೆ ನೀರು ಹೊಕ್ಕರೆ ಬಾಯಿಂದ ಊದಿ ಹೊರಗೆ ಹಾಕುವಂತಿಲ್ಲ, ಇಡೀ ಮಾಸ್ಕು ಕಿತ್ತು ತೆಗೆಯಬೇಕು. ಮರಗಟ್ಟಿದ ಬೆರಳಲ್ಲಿ ಆ ಕೆಲಸ ಯಾರು ಮಾಡುತ್ತಾರೆ? ಕಣ್ಣು ಮೂಗು ಮಾತ್ರ ಮುಚ್ಚುವುದು, ಸಿಲಿಕಾನ್ ಅಂಚಿನದು, ಟೆಂಪರ್ಡ್ ಗಾಜಿನದು ಸಾಕು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಹಿಡಿದು ಮೂಗಿಂದ ಉಸಿರು ಎಳೆಯಿರಿ, ಕೈ ಬಿಡಿ. ಮುಖಕ್ಕೆ ಕಚ್ಚಿಕೊಂಡು ನಿಂತರೆ ನಿಮ್ಮದು. ನನ್ನ ಮುಖಕ್ಕೆ ನಿಲ್ಲಲಿಲ್ಲ, ಕಾರಣ ಮೀಸೆ. ಮೂಗಿನ ಕೆಳಗೆ ಅಂಚು ಚರ್ಮಕ್ಕೆ ಕೂಡುವ ಬದಲು ಕೂದಲ ಮೇಲೆ ಕೂಡುತ್ತದೆ, ಕೂದಲ ಸಂದಿಯಿಂದ ನೀರು ಬರುತ್ತದೆ. ಮೀಸೆ ಬೋಳಿಸುವ ಮಾತು ನಮ್ಮ ಮನೆಯಲ್ಲಿ ಆಡುವಂತಿಲ್ಲ. ಮೂಗಿನ ಬುಡಕ್ಕೆ ಒಂದು ಬೆರಳಿನಷ್ಟು ಅಗಲ ಮೀಸೆಯ ಮೇಲಂಚನ್ನು ಕತ್ತರಿಸಿದೆ, ಮೀಸೆ ಉಳಿಯಿತು, ಸೋರುವುದು ಹೆಚ್ಚುಕಡಿಮೆ ನಿಂತಿತು.

ಕನ್ನಡಕ ಇರುವವರಿಗೆ ಒಂದು ಒಳ್ಳೆ ಸುದ್ದಿ. ಎರಡು ಗಾಜಿನ ಮಾಸ್ಕುಗಳಲ್ಲಿ ಕೆಲವಕ್ಕೆ ನಂಬರಿನ ಗಾಜು ಸಿಗುತ್ತದೆ, ಅರ್ಧರ್ಧ ನಂಬರಿನ ಅಂತರದಲ್ಲಿ. ನನ್ನದು ಎರಡೂ ಕಣ್ಣಿಗೆ ಮೈನಸ್ 3. ನೀರೊಳಗೆ ಮಾಸ್ಕಿನಿಂದ ನೋಡಿದರೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ, ಹಾಗಾಗಿ ನಂಬರು ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಸಿಲಿಕಾನ್ ಜಿಡ್ಡು ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆಯದಿದ್ದರೆ ನೀರಿಗಿಳಿದ ತಕ್ಷಣ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಸಲ ಇಳಿಯುವ ಮುಂಚೆ ಒಳಗೆ ಉಗುಳು ಸವರಿ ಒಮ್ಮೆ ನೀರಾಡಿಸಿ. ಅಸಹ್ಯ ಅನಿಸಬಹುದು, ಆದರೆ ಖರೇ ಕೆಲಸ ಮಾಡುತ್ತದೆ.

ಕೊಳವೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾದಾ ಬಾಗಿದ ಕೊಳವೆ, ಬಾಯಿಗೆ ಮೆತ್ತನೆ ರಬ್ಬರ್. ನೀರು ಹೊಕ್ಕರೆ ಜೋರಾಗಿ ಒಮ್ಮೆ ಊದಿದರೆ ಚಿಮ್ಮಿ ಹೋಗುತ್ತದೆ. ಅದನ್ನು ಮಾತ್ರ ಊರಲ್ಲೇ ಕಲಿತು ಹೋಗಿ. ಭಾಲ್ಕಿ ಕಡೆ ನಮ್ಮ ಷಡ್ಡಕರ ಹೊಲದ ಬಾವಿಯಲ್ಲಿ ನಾನು ಕಲಿತೆ. ಚಿಕ್ಕಂದಿನಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದೂ ಅಂಥದೇ ಬಾವಿಯಲ್ಲಿ. ಮೇಲೆ ನಿಂತು ನೋಡುತ್ತಿದ್ದ ಷಡ್ಡಕರು ಕೊಳವೆ ಇನ್ನೂ ಉದ್ದ ಮಾಡಿಸ್ರಿ, ತಳ ನೋಡಬಹುದು ಅಂದರು. ಹಾಗಾಗುವುದಿಲ್ಲ. ಕೊಳವೆ ಉದ್ದವಾದಷ್ಟೂ ಬಿಟ್ಟ ಉಸಿರೇ ಅದರಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಒಂದು ಮೀಟರ್ ಆಳದಲ್ಲೇ ನೀರಿನ ಭಾರಕ್ಕೆ ಎದೆ ಹಿಗ್ಗಿಸಿ ಗಾಳಿ ಎಳೆಯಲು ಆಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ಮೊದಲ ಎರಡು ನಿಮಿಷ ಬೇರೆಯೇ. ನಮ್ಮ ಝರಣಿ ನರಸಿಂಹನ ಗುಹೆಯಲ್ಲಿ ಸುಮಾರು 300 ಮೀಟರ್ ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡಿದವರು ನಾವು, ತಲೆಯ ಮೇಲೆ ಬಾವಲಿ ಹಾರಿದರೂ ಹೆದರಿದವರಲ್ಲ. ಅಲ್ಲಿ ಉಸಿರು ಕಟ್ಟುವುದಿಲ್ಲ. ಇಲ್ಲಿ ಝಿಪ್ಪಿನ ಸಂದಿಯಿಂದ ಬೆನ್ನಿಗೆ ನೀರು ಇಳಿದಾಗ ಎದೆ ತಾನಾಗಿಯೇ ಗಬಕ್ಕನೆ ಗಾಳಿ ಎಳೆದುಕೊಳ್ಳುತ್ತದೆ, ಆಮೇಲೆ ಉಸಿರು ಬುಸುಬುಸು ಓಡುತ್ತದೆ, ಎದೆಬಡಿತ ಏರುತ್ತದೆ. ನಾವು ಬೇಡ ಅಂದರೂ ನಿಲ್ಲುವುದಿಲ್ಲ. ಇದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. 15 ಡಿಗ್ರಿಗಿಂತ ಕೆಳಗಿನ ನೀರಲ್ಲಿ ಇದು ಯಾರಿಗಾದರೂ ಆಗಬಹುದು, ಈಜುಗಾರನಿಗೂ ಬಿಡುವುದಿಲ್ಲ. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು.

"ಅಪ್ಪಾ, ಅವಸರ ಮಾಡಬ್ಯಾಡ. ಸೊಂಟದ ತನಕ ನಿಂದ್ರು, ಮಾರಿಗಿ ನೀರು ಹಚ್ಕೋ, ಉಸಿರು ಸಾವಕಾಶ ಬಿಡು," ಅಂತ ಮಗಳು ಕೈ ಹಿಡಿದು ನಿಲ್ಲಿಸಿದಳು. ಉಸಿರು ತಹಬದಿಗೆ ಬರುವ ತನಕ ಮಾಸ್ಕು ಹಾಕಲು ಬಿಡಲಿಲ್ಲ. ಅಕಸ್ಮಾತ್ ಆಳದಲ್ಲಿ ಬಿದ್ದರೂ ಈಜಲು ಹೋಗದೆ ಅಂಗಾತ ಮಲಗಿ ತೇಲಬೇಕು ಅಂತ ಅಲ್ಲಿಯ ಲೈಫ್‌ಬೋಟ್ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳುತ್ತದೆ. 1824ರಿಂದ ಜನರನ್ನು ನೀರಿಂದ ಎತ್ತುತ್ತಿರುವವರು ಅವರು, ಅವರ ಮಾತಿಗೆ ತೂಕವಿದೆ. ಸೂಟು ಹಾಕಿದ್ದರೆ ತೇಲುವುದು ಕಷ್ಟವೇನಲ್ಲ, ಗುಳ್ಳೆ ತುಂಬಿದ ರಬ್ಬರು ಮುಳುಗಲು ಬಿಡುವುದಿಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಬಿಪಿಯನ್ನು ಮಗಳು ಮನೆಯಲ್ಲೇ ನೋಡಿ ಕರೆತಂದಿದ್ದಳು.

ತಲೆಗೆ ಹಾಕುವ ಹುಡ್, 3 ಮಿಲಿಮೀಟರಿನದು. ಹತ್ತಿಪ್ಪತ್ತು ಪೌಂಡಿಗೆ ಸಿಗುತ್ತದೆ. ಇಡೀ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಇದರಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ. ಹುಡ್ ಇಲ್ಲದೆ ಮುಖ ಅದ್ದಿದರೆ ಹಣೆಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋವು. ಹುಡ್ ಹಾಕಿದರೆ ಕಿವಿಯೊಳಗೂ ತಣ್ಣೀರು ಅಷ್ಟಾಗಿ ಹೋಗುವುದಿಲ್ಲ. ಅಂಚನ್ನು ಸೂಟಿನ ಕುತ್ತಿಗೆಯ ಒಳಗೆ ಸೇರಿಸಿ, ಬೆನ್ನಿಗೆ ನೀರು ಇಳಿಯುವುದೂ ಕಡಿಮೆಯಾಗುತ್ತದೆ. ಕಾಲಿಗೆ ನಿಯೋಪ್ರೀನ್ ಬೂಟು, ಅದರ ಮೇಲೆ ಹಿಂದೆ ಪಟ್ಟಿ ಇರುವ ಫಿನ್, ಅಂದರೆ ನೀರು ಒದೆಯಲು ಬಾತುಕೋಳಿ ಪಾದದಂಥ ಅಗಲ ರೆಕ್ಕೆ. ಬಂಡೆ ಮೇಲೆ ನಡೆಯಲೂ ಬೂಟು ಬೇಕು. ಗ್ಲೌಸ್ ಮಾತ್ರ ಕಳಪೆ. ಬೆರಳಿನ ಉದ್ದ ಜಾಸ್ತಿ, ತುದಿಯಲ್ಲಿ ನೀರು ನಿಲ್ಲುತ್ತದೆ. ಹೆಬ್ಬೆರಳಿನ ಬುಡದಲ್ಲಿ ಒಂದೇ ಸಾಲು ಹೊಲಿಗೆ, ಹಾಕಿದ ಕೆಲವೇ ದಿನಕ್ಕೆ ಬಿಚ್ಚಿತು. ಹೆಬ್ಬೆರಳೇ ಎಲ್ಲಕ್ಕಿಂತ ಜಾಸ್ತಿ ಓಡಾಡುವ ಬೆರಳು ಅಂತ ಗೊತ್ತಿರುವವರು ಅಲ್ಲಿ ಒಂದೇ ಸಾಲು ಹಾಕುವುದಿಲ್ಲ.

ನಾವು ಇಳಿದದ್ದು ಪೆಂಡೆನಿಸ್ ಕೋಟೆಯ ಕೆಳಗೆ, ಸಿಲ್ವರ್ ಸ್ಟೆಪ್ಸ್ ಅನ್ನುವ ಕಡೆ. ಮೆಟ್ಟಿಲು ಇಳಿದರೆ ಬಂಡೆ, ಬಂಡೆಯ ಆಚೆ ಕೆಲ್ಪ್ ಅನ್ನುವ ಕಡಲಪಾಚಿಯ ತೋಟ. ಮೊದಲ ಮಹಾಯುದ್ಧದ ಜರ್ಮನ್ ಸಬ್‌ಮೆರಿನ್‌ಗಳ ಕಬ್ಬಿಣದ ಚೂರುಗಳೂ ಅಲ್ಲಿ ಬಿದ್ದಿವೆ. ಮಗಳು ತೋರಿಸಿದಳು, ನನಗೆ ಬಂಡೆಯ ಹಾಗೇ ಕಂಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಏಡಿ. ಸ್ಪೈಡರ್ ಕ್ರ್ಯಾಬ್ ಅನ್ನುತ್ತಾರೆ, ಬೇಸಿಗೆಯ ಶುರುವಿನಲ್ಲಿ ಅವು ದಡದ ಹತ್ತಿರ ಬರುತ್ತವೆ. ಉದ್ದ ಕಾಲು, ಬೆನ್ನ ಮೇಲೆಲ್ಲ ಪಾಚಿ ಬೆಳೆದಂತೆ ಕಾಣುತ್ತದೆ. ಬೆಳೆದದ್ದಲ್ಲ, ತಾನೇ ಸಿಕ್ಕಿಸಿಕೊಂಡದ್ದು. ಚಿಪ್ಪಿನ ಮೇಲೆ ಕೊಕ್ಕೆಯಂಥ ಸಣ್ಣ ಕೂದಲು ಇವೆ. ಪಾಚಿಯ ತುಂಡು ಕಿತ್ತು, ಇಕ್ಕಳದಂಥ ಮುಂಗಾಲಿನಿಂದ ಬೆನ್ನಿಗೆ ಒಯ್ದು, ಆ ಕೊಕ್ಕೆಗೆ ಒತ್ತುತ್ತದೆ. ಒಂದು ಮಾರು ದೂರದಿಂದ ನೋಡುತ್ತಾ ತೇಲಿದೆ. ತಾನೇ ಅಳತೆ, ತಾನೇ ಕಟಿಂಗ್. ಅಲ್ಲೇ ಪಾಚಿಯ ಕಾಂಡಕ್ಕೆ ಬೆಕ್ಕುಶಾರ್ಕಿನ ಮೊಟ್ಟೆಚೀಲ ಸುತ್ತಿಕೊಂಡಿತ್ತು. ಬೆರಳುದ್ದದ ಚೀಲ, ನಾಲ್ಕು ಮೂಲೆಗೂ ಸುರುಳಿ ದಾರ, ಆ ದಾರದಿಂದಲೇ ಕಟ್ಟಿಹಾಕಿರುತ್ತದೆ. ಅಳಿಯ ಮುಟ್ಟಬೇಡಿ ಅಂದ, ಮುಟ್ಟಲಿಲ್ಲ.

ಎಷ್ಟು ಹೊತ್ತು ಇರಬಹುದು? ಗಡಿಯಾರಕ್ಕಿಂತ ಕೈಯನ್ನು ನಂಬಿ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡುತ್ತಾ ಇರಿ. ತಡವರಿಸಿದರೆ ದಡಕ್ಕೆ ತಿರುಗಿ. ಈ ಸೂಟಿನಲ್ಲಿ ನನಗೆ ಅರ್ಧ ಗಂಟೆ ಆರಾಮಾಗಿ ಆಗುತ್ತಿತ್ತು, ಮಗಳು ಅಷ್ಟಕ್ಕೇ ನಿಲ್ಲಿಸುತ್ತಿದ್ದಳು. ಹೊರಗೆ ಬಂದ ಮೇಲೂ ಮೈಯೊಳಗಿನ ಶಾಖ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ, ನಡುಕ ಬರುವುದು ಆಗಲೇ. ಬೇಗ ಒರೆಸಿಕೊಂಡು ಒಣ ಬಟ್ಟೆ, ಟೋಪಿ ಹಾಕಿ, ಫ್ಲಾಸ್ಕಿನ ಚಹಾ ಕುಡಿಯಿರಿ. ನೇರ ಬಿಸಿನೀರಿನ ಸ್ನಾನಕ್ಕೆ ಓಡಬೇಡಿ, ತಲೆಸುತ್ತು ಬರಬಹುದು. ಒಬ್ಬರೇ ಇಳಿಯಬೇಡಿ. ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತಿದ್ದರೆ ಮನೆಯಲ್ಲೇ ಇರಿ, ಮೇಲೆ ನೀರು ಶಾಂತವಾಗಿ ಕಂಡರೂ ನಿಮ್ಮನ್ನು ಒಳಗೆ ನೂಕುತ್ತದೆ. ಅಲ್ಲಿ ಉಬ್ಬರ ಇಳಿತದ ನಡುವೆ ನೀರಿನ ಮಟ್ಟ ಐದು ಮೀಟರ್ ತನಕ ವ್ಯತ್ಯಾಸವಾಗುತ್ತದೆ. ಇಳಿಯುವಾಗ ಕಂಡ ಮೆಟ್ಟಿಲು ಹತ್ತುವಾಗ ಬೇರೆಯೇ ಆಗಿರುತ್ತದೆ.

ಸೂಟಿಗೆ ಕೊಟ್ಟದ್ದು 160 ಪೌಂಡ್, ಅಂದರೆ 18,000 ರೂಪಾಯಿ ಹತ್ತಿರ. ನಮ್ಮ ಕಡೆ ಆ ದುಡ್ಡಿಗೆ ಮದುಮಗನ ಶೇರ್ವಾನಿ ಬರುತ್ತದೆ, ಅದನ್ನೂ ಒಂದೇ ಸಲ ಹಾಕುತ್ತಾರೆ ಬಿಡಿ. ಒಂದು ವಾರಕ್ಕೆ ಹೋಗುವವರು ಕೊಳ್ಳಬೇಡಿ, ಬೀಚಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಬಾಡಿಗೆಯದಾದರೂ ಸೊಂಟದ ಗುಂಡಿ ನೋಡಿಯೇ ತೊಗೊಳ್ಳಿ. ಮಾಸ್ಕು ಮಾತ್ರ ಸ್ವಂತದ್ದಿರಲಿ, ಇನ್ನೊಬ್ಬರ ಮುಖಕ್ಕೆ ಕೂತದ್ದು ನಿಮಗೆ ಕೂಡುವುದಿಲ್ಲ. ಕೊಂಡವರು ಪ್ರತಿ ಸಲ ಸಿಹಿನೀರಲ್ಲಿ ಜಾಲಿಸಿ, ನೆರಳಲ್ಲಿ, ಸೊಂಟಕ್ಕೆ ಮಡಚಿ ದಪ್ಪ ಕೋಲಿನ ಮೇಲೆ ಹಾಕಿ. ತೆಳು ಹ್ಯಾಂಗರಿಗೆ ಭುಜದಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಭುಜ ಜೋತುಬೀಳುತ್ತದೆ. ಬೀದರಿನ ಮೇ ತಿಂಗಳ ಬಿಸಿಲಿಗೆ ಹಾಕಿದರೆ ರಬ್ಬರು ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇಸ್ತ್ರಿ ಮಾಡಲಾ ಅಂತ ನನ್ನ ಅಂಗಡಿಯ ಹುಡುಗ ಕೇಳಿದ, ಬೈದು ಕಳಿಸಿದೆ.

ಬಿಚ್ಚಿದ ಗ್ಲೌಸನ್ನು ನಾನೇ ರಿಪೇರಿ ಮಾಡಿದೆ. ನಿಯೋಪ್ರೀನ್ ಅಂಟು ಅಂತ ಟ್ಯೂಬಿನಲ್ಲಿ ಸಿಗುತ್ತದೆ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಕೈಗೆ ಹತ್ತದಷ್ಟು ಒಣಗಲು ಬಿಟ್ಟು, ಇನ್ನೊಮ್ಮೆ ಹಚ್ಚಿ, ಅದೂ ಹಾಗೇ ಒಣಗಿದ ಮೇಲೆ ಗಟ್ಟಿಯಾಗಿ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಅದರ ಮೇಲೆ ಪಾಲಿಯೆಸ್ಟರ್ ದಾರದಲ್ಲಿ ಅರ್ಧ ದಪ್ಪಕ್ಕೆ ತುರಪಾಯಿ ಹಾಕಿದೆ, ಹತ್ತಿ ದಾರ ಉಪ್ಪುನೀರಿಗೆ ಕೊಳೆಯುತ್ತದೆ. ಈಗ ಎರಡು ಸಾಲು ಇದೆ, ಕಂಪನಿಯದ್ದಕ್ಕಿಂತ ಗಟ್ಟಿ. ಬೀದರ್, ಕಲಬುರಗಿ ಕಡೆ ಯಾರ ಹತ್ತಿರವಾದರೂ ಹರಿದ ವೆಟ್‌ಸೂಟ್ ಇದ್ದರೆ ನಿಮ್ಮ ಟೇಲರಿಗೆ ಈ ಕ್ರಮ ಹೇಳಿ, ಮಾಡಿಕೊಡುತ್ತಾನೆ. ಝಿಪ್ ಹೋಗಿದ್ದರೆ ಮಾತ್ರ ಅವನಿಗೆ ಕೊಡಬೇಡಿ, ನನಗೂ ತರಬೇಡಿ.